ಬ್ಯಾಂಕಾಕಿಗೆ ಎರಡು ಪಟ್ಟಿ, ಸಿಸ್ಟರ್‌ಗೆ ಒಂದೂ ಇಲ್ಲ

ನಮ್ಮ ಆಫೀಸಿಗೆ ಫೋನ್ ಬಂದರೆ ಮೊದಲು ಕೇಳುವುದು "ಎಲ್ಲಿಗೆ ಹೋಗ್ಬೇಕು?" ಎಂದಲ್ಲ. "ಫ್ಯಾಮಿಲಿಯಾ, ಬ್ಯಾಚಲರಾ?" ಎಂದು. ಅಬುಧಾಬಿಯಲ್ಲಿ ಮನೆ ಬಾಡಿಗೆಗೆ ಕೇಳಿದರೂ ಇದೇ ಪ್ರಶ್ನೆ, ಹೋಟೆಲಿಗೆ ಬಿರಿಯಾನಿ ತಿನ್ನಲು ಹೋದರೂ ಇದೇ ಪ್ರಶ್ನೆ. ಬ್ಯಾಚಲರ್ ಎಂದರೆ ಮದುವೆಯಾಗದವನು ಎಂದುಕೊಳ್ಳಬೇಡಿ. ಊರಿನಲ್ಲಿ ಹೆಂಡತಿ, ಮಕ್ಕಳು, ಮೊಮ್ಮಗು ಎಲ್ಲ ಇದ್ದರೂ ಇಲ್ಲಿ ಒಂದು ಕೋಣೆಯ ಒಂದು ಮಂಚವನ್ನು ಬಾಡಿಗೆಗೆ ಹಿಡಿದು ಮಲಗುವ ಗಂಡಸು ಬ್ಯಾಚಲರೇ. ಹೆಂಡತಿ ಮಕ್ಕಳನ್ನು ಕರೆಸಿಕೊಂಡವನು ಫ್ಯಾಮಿಲಿ. ಮೂರನೆಯದು ಒಂದು ಇರಬಹುದು ಎಂದು ಯಾರಿಗೂ ಹೊಳೆದಿಲ್ಲ.

ಅಬುಧಾಬಿಯ ಖಾಲಿದಿಯಾದಲ್ಲಿ, ಲಾಂಡ್ರಿ ಮತ್ತು ಮೊಬೈಲ್ ಅಂಗಡಿಯ ನಡುವೆ, ನಮ್ಮ ಟ್ರಾವೆಲ್ ಆಫೀಸು. ಟಿಕೆಟ್ ಮಾಡುವುದು, ಕೋಣೆ ಹಂಚುವುದು, ಈದ್ ರಜೆಯಲ್ಲಿ ಗುಂಪಿನ ಜೊತೆಗೆ ಹೋಗಿ ಬರುವುದು ನನ್ನ ಕೆಲಸ. ನಮ್ಮ ಮ್ಯಾನೇಜರು ಮಂಗಳೂರಿನವರೇ. ಅವರ ಮೇಜಿನ ಹಿಂದಿನ ಗೋಡೆಯಲ್ಲಿ ‘ಬ್ಯಾಂಕಾಕಿನಲ್ಲಿ ನೋಡಲೇಬೇಕಾದ ಹತ್ತು’ ಎಂದು ಬಣ್ಣಬಣ್ಣದ ಪಟ್ಟಿ ಉಂಟು. ಅದು ಫ್ಯಾಮಿಲಿ ಪಟ್ಟಿ. ಬ್ಯಾಚಲರ್ ಪಟ್ಟಿ ಮೇಜಿನ ಡ್ರಾಯರಿನಲ್ಲಿ. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆಯದಿದ್ದರೂ ನಿಮಗೆ ಅರ್ಥವಾಗುತ್ತದೆ.

ಫ್ಯಾಮಿಲಿ ಪಟ್ಟಿಯಾದರೂ ಸರಿಯಿದೆಯಾ ಎಂದರೆ ಅದೂ ಇಲ್ಲ. ಅರಮನೆಯನ್ನು ಹೊರಗಿನಿಂದ ನೋಡುವುದು, ಒಂದು ಫೋಟೋ ತೆಗೆಯುವುದು, ಬಸ್ ಹತ್ತುವುದು. ಆಮೇಲೆ ಹರಳಿನ ಅಂಗಡಿ, ಚರ್ಮದ ಅಂಗಡಿ, ಜೇನಿನ ಅಂಗಡಿ. ಅರಮನೆಗೆ ಒಳಗೆ ಹೋಗಲು ಸಮಯ ಇಲ್ಲ, ಆದರೆ ಹರಳಿನ ಅಂಗಡಿಯೊಳಗೆ ಅರ್ಧ ದಿನ! ಯಾಕೆಂದರೆ ಬಸ್ಸಿನ ಬಾಡಿಗೆ ಕೊಡುವುದೇ ಆ ಅಂಗಡಿಗಳು. ಮಲಗಿರುವ ದೊಡ್ಡ ಬುದ್ಧನನ್ನು ನೋಡದೆ, ನದಿಯ ದೋಣಿ ಹತ್ತದೆ, ಒಂದು ಬೀದಿಯಲ್ಲೂ ಕಾಲಿಟ್ಟು ನಡೆಯದೆ, ನೀಲಿ ಕಲ್ಲಿನ ಉಂಗುರ ಕೊಂಡು ವಾಪಸ್ ಬಂದವರನ್ನು ನಾನು ಎಷ್ಟು ಕಂಡಿದ್ದೇನೋ. ಬಂದವರು ಹೇಳುವುದು, "ಬ್ಯಾಂಕಾಕ್ ಅಷ್ಟೇ, ದುಬೈಯ ಹಾಗೇ." ಪಾಪ, ಅವರಿಗೆ ತೋರಿಸಿದ್ದೇ ದುಬೈ.

ಈ ಪಟ್ಟಿಯ ಕೆಳಗೆ ಒಂದು ದಿನ ಸಿಸ್ಟರ್ ಬಂದು ಕುಳಿತರು. ಸಿಸ್ಟರ್ ಎಂದರೆ ಇಲ್ಲಿನ ಒಂದು ಆಸ್ಪತ್ರೆಯ ನರ್ಸ್, ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು, ಮದುವೆಯಾಗಿಲ್ಲ. ಪ್ರತಿ ವರ್ಷ ಮಂಗಳೂರಿಗೆ ಅವರ ಟಿಕೆಟ್ ಮಾಡುವವಳು ನಾನೇ. ಅವರ ಬ್ಯಾಗಿನ ತೂಕ ಹೆಚ್ಚಾಗಿ ಏರ್‌ಪೋರ್ಟಿನಿಂದ ನನಗೆ ಫೋನ್ ಮಾಡುವುದೂ ಪ್ರತಿ ವರ್ಷದ ಮಾತು.

"ಈ ಸಲ ಊರಿಗೆ ಅಲ್ಲ ಅಕ್ಕ, ಬ್ಯಾಂಕಾಕಿಗೆ," ಎಂದರು.

"ಯಾರ ಜೊತೆ?"

"ನನ್ನ ಜೊತೆ."

ನಾನು ನಕ್ಕೆ. ಅವರು ನಗಲಿಲ್ಲ. "ಪ್ರತಿ ರಜೆಯೂ ಊರಿಗೇ ಆಯ್ತಲ್ಲ ಅಕ್ಕ. ಒಂದು ಸಲ ತಂಗಿಯ ಮದುವೆ, ಒಂದು ಸಲ ಅಣ್ಣನ ಮಗುವಿನ ಬಾಪ್ತಿಸ್ಮ, ಒಂದು ಸಲ ಡ್ಯಾಡಿಯ ಆಪರೇಷನ್. ಆಸ್ಪತ್ರೆಯಿಂದ ಹೊರಟು ಆಸ್ಪತ್ರೆಗೇ ಹೋಗಿ ಕೂತದ್ದು ನಾನು. ರಜೆ ಅಂತ ಹೇಳ್ತಾರೆ, ನನ್ನ ರಜೆ ನನ್ಗೆ ಯಾವಾಗ ಸಿಕ್ಕಿದೆ? ಈ ಸಲ ಲೀವ್ ಇಲ್ಲ ಅಂತ ಮನೆಗೆ ಸುಳ್ಳು ಹೇಳಿದ್ದೇನೆ."

"ಬ್ಯಾಂಕಾಕೇ ಯಾಕೆ?"

"ಅಲ್ಲಿ ಮಲ್ಲಿಗೆಯ ಮಾರ್ಕೆಟ್ ಉಂಟಂತೆ. ವಿಡಿಯೋದಲ್ಲಿ ನೋಡಿದೆ. ಬೀದಿ ಪೂರ್ತಿ ಬುಟ್ಟಿ ಬುಟ್ಟಿ ಮೊಗ್ಗು."

ಸಿಸ್ಟರ್‌ನ ಮನೆಯವರು ಮಲ್ಲಿಗೆ ಬೆಳೆಯುವವರು. ಬೆಳಗಾಗುವ ಮೊದಲು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಲೆಕ್ಕ ಮಾಡಿ, ನಾಲ್ಕು ಚೆಂಡಿಗೆ ಒಂದು ಅಟ್ಟೆ ಕಟ್ಟಿ, ಬಸ್ಸಿಗೆ ಕೊಟ್ಟು ಆಮೇಲೆ ಶಾಲೆಗೆ ಓಡಿದವರು ಅವರು. "ನಮ್ಮ ಕೈಗೆ ಹೂ ಬಂದದ್ದು ಕಟ್ಟಲಿಕ್ಕೆ ಅಕ್ಕ, ಮುಡಿಯಲಿಕ್ಕಲ್ಲ. ಒಂದು ಚೆಂಡು ಕಮ್ಮಿಯಾದ್ರೂ ಮಮ್ಮಿ ಬೈತಿದ್ರು. ಕಟ್ಟುವ ಕೆಲಸ ಇಲ್ಲದೆ, ಸುಮ್ಮನೆ ಅಷ್ಟು ಮಲ್ಲಿಗೆಯ ನಡುವೆ ಒಂದು ದಿನ ನಡೀಬೇಕು. ಅಷ್ಟೇ."

ಗೋಡೆಯ ಪಟ್ಟಿಯ ಹತ್ತರಲ್ಲಿ ಆ ಮಾರ್ಕೆಟ್ ಇರಲಿಲ್ಲ. ನಾನು ಒಂದು ಹಾಳೆಯಲ್ಲಿ ಬರೆದುಕೊಟ್ಟೆ: ಹೋಟೆಲಿನ ಹತ್ತಿರದಿಂದ ಸ್ಕೈಟ್ರೈನ್, ಸಿಯಾಮಿನಲ್ಲಿ ಬದಲಿಸಿ ಸಫಾನ್ ತಕ್ಸಿನ್ ಸ್ಟೇಷನ್. ಅಲ್ಲಿ ಮೆಟ್ಟಿಲು ಇಳಿದರೆ ನದಿಯ ದಕ್ಕೆ, ದೋಣಿ ನಿಲ್ಲುವ ಜಾಗ. ಪ್ರವಾಸಿಗಳ ದುಬಾರಿ ದೋಣಿ ಬೇಡ, ಕಿತ್ತಳೆ ಬಾವುಟದ ದೋಣಿ ಹತ್ತಿ. ದೊಡ್ಡ ಸೇತುವೆಯ ಪಕ್ಕ ಇಳಿದರೆ ಹೂವಿನ ವಾಸನೆಯೇ ದಾರಿ ಹೇಳುತ್ತದೆ. ಈದ್ ಗುಂಪಿನಲ್ಲಿ ಒಂದು ದಿನ ಬಿಡುವಿನ ದಿನ ಎಂದು ಇರುತ್ತದೆ, ಆ ದಿನ ಹೋಗಿ ಎಂದೆ. ಒಬ್ಬರಿಗೇ ಕೋಣೆ ಬೇಕೆಂದರು. ಅದಕ್ಕೆ ಹೆಚ್ಚಿನ ಹಣವನ್ನೂ ಚೌಕಾಸಿ ಮಾಡದೆ ಕೊಟ್ಟರು.

ಹೊರಡುವ ವಾರದಲ್ಲಿ ಕೋಣೆ ಹಂಚಿಕೆಯ ಪ್ರಿಂಟ್ ತೆಗೆದು ನೋಡುತ್ತೇನೆ, ಫ್ಯಾಮಿಲಿ ಗುಂಪಿನಲ್ಲಿ ಸಿಸ್ಟರ್‌ನ ಹೆಸರೇ ಇಲ್ಲ! ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ್ದು ಬ್ಯಾಚಲರ್ ಗುಂಪಿನಲ್ಲಿ. ಬೇರೆ ಹೋಟೆಲು, ಬೇರೆ ಬಸ್ಸು, ಡ್ರಾಯರಿನ ಪಟ್ಟಿ. ಸಾಲದ್ದಕ್ಕೆ ಮುಸಾಫಾದ ಒಬ್ಬ ಸ್ಟೋರ್‌ಕೀಪರಿನ ಜೊತೆ ಜೋಡಿ ಕೋಣೆ. ನಮ್ಮ ಬುಕಿಂಗ್ ಕಂಪ್ಯೂಟರಿನಲ್ಲಿ ಎರಡೇ ಖಾನೆ. ಒಬ್ಬರೇ ಎಂದು ಹಾಕಿದರೆ ಅದು ತಾನಾಗಿಯೇ ಬ್ಯಾಚಲರ್ ಎನ್ನುತ್ತದೆ. ಬ್ಯಾಚಲರ್ ಎಂದರೆ ಗಂಡಸು ಎಂದು ಅದಕ್ಕೆ ಯಾರೋ ಮೊದಲೇ ಹೇಳಿಕೊಟ್ಟಿದ್ದಾರೆ. ಮುಂದೆ ಅದು ಯಾರನ್ನೂ ಏನೂ ಕೇಳುವುದಿಲ್ಲ.

ಪ್ರಿಂಟ್ ಹಿಡಿದು ಮ್ಯಾನೇಜರ ಎದುರು ನಿಂತೆ. ಅವರಿಗೆ ನಗು ತಡೆಯಲಾಗಲಿಲ್ಲ. "ಸ್ಟೋರ್‌ಕೀಪರಿನ ಅದೃಷ್ಟ ಮಾರಾಯ್ರೆ!"

"ನಗ್ಬೇಡಿ. ನಿಮ್ಮ ತಂಗಿಯ ಹೆಸರು ಇಲ್ಲಿ ಬಂದಿದ್ರೆ ನಗ್ತಿದ್ರಾ?"

ನಗು ನಿಂತಿತು. "ಯಾಕೆ ಅಷ್ಟು ಬಿಸಿ ಆಗ್ತೀರಿ? ಫ್ಯಾಮಿಲಿ ಗುಂಪಿಗೆ ಹಾಕುವ, ಖಲಾಸ್."

ಖಲಾಸ್ ಎನ್ನುವುದು ಸುಲಭ. ಈದ್ ರಜೆಗೆ ಆ ಹೋಟೆಲಿನಲ್ಲಿ ಒಂದು ಕೋಣೆಯೂ ಉಳಿದಿರಲಿಲ್ಲ. ಬ್ಯಾಂಕಾಕಿನ ನಮ್ಮ ಏಜೆಂಟಿಗೆ ಫೋನ್ ಮಾಡಿದೆ, ಮೇಲ್ ಮಾಡಿದೆ, ಪಕ್ಕದ ಹೋಟೆಲು ಕೇಳಿದೆ, ಎಲ್ಲ ಕಡೆ ಮಾಫಿ, ಇಲ್ಲವೇ ಇಲ್ಲ. ಮರುದಿನ ಮ್ಯಾನೇಜರು ಬಹಳ ಖುಷಿಯಲ್ಲಿ ಬಂದು, "ಆಯ್ತು! ದುಬೈಯ ಮಿರ್ದಿಫ್‌ನ ಫ್ಯಾಮಿಲಿ ಉಂಟಲ್ಲ, ಅವರ ತಾಯಿಯ ಕೋಣೆಯಲ್ಲಿ ಒಂದು ಮಂಚ ಖಾಲಿ. ಅವರೂ ನಮ್ಮ ಊರಿನ ಕಡೆಯವರೇ, ಒಪ್ಪಿದ್ದಾರೆ," ಎಂದರು. ನಾನು ಸಿಸ್ಟರ್‌ಗೆ ಫೋನ್ ಮಾಡಿ ಆದದ್ದು ಆದ ಹಾಗೆ ಹೇಳಿದೆ, ಹೆಚ್ಚಿಗೆ ಕೊಟ್ಟ ಹಣ ವಾಪಸ್ ಎಂದೂ ಹೇಳಿದೆ. ಅವರು, "ಮಲಗಲಿಕ್ಕೆ ಮಾತ್ರ ಅಲ್ವಾ ಅಕ್ಕ, ಪರ್ವಾಗಿಲ್ಲ," ಎಂದರು. ಮಿರ್ದಿಫ್‌ನವರು ಅಷ್ಟು ಬೇಗ ಯಾಕೆ ಒಪ್ಪಿದರು ಎಂದು ನನಗೆ ಆಗ ಹೊಳೆಯಲಿಲ್ಲ.

ಫ್ಯಾಮಿಲಿ ಗುಂಪಿನ ಜೊತೆ ಈ ಸಲವೂ ಹೋದದ್ದು ನಾನೇ. ಬ್ಯಾಂಕಾಕಿನಲ್ಲಿ ಇಳಿದ ದಿನದಿಂದಲೇ ನನಗೆ ಏನೋ ಸರಿ ಕಾಣಲಿಲ್ಲ. ಮಿರ್ದಿಫ್‌ನ ಕುಟುಂಬ ಎಂದರೆ ಗಂಡ, ಹೆಂಡತಿ, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಇಬ್ಬರು ಮಕ್ಕಳು, ಮತ್ತೆ ಗಂಡನ ತಾಯಿ. ಅಜ್ಜಿಗೆ ಸಕ್ಕರೆ ಕಾಯಿಲೆ, ಮಂಡಿನೋವು. ಏರ್‌ಪೋರ್ಟಿನಲ್ಲಿ ಅವರ ಗಾಲಿಕುರ್ಚಿ ತಳ್ಳಿದ್ದು ಸಿಸ್ಟರ್. ಇರಲಿ, ಒಳ್ಳೆಯ ಮನಸ್ಸು ಎಂದುಕೊಂಡೆ. ಮರುದಿನ ಅರಮನೆಯ ಹೊರಗೆ ಎಲ್ಲರೂ ಫೋಟೋ ತೆಗೆಯುವಾಗ ಗಾಲಿಕುರ್ಚಿಯ ಹಿಂದೆ ಸಿಸ್ಟರ್. ಅದರ ಮರುದಿನ ಪ್ರಾಣಿಗಳ ಪಾರ್ಕಿನಲ್ಲಿ ಮಕ್ಕಳ ಬ್ಯಾಗು, ನೀರಿನ ಬಾಟಲಿ, ಐಸ್‌ಕ್ರೀಮ್ ತಾಗಿದ ಟವೆಲ್ ಎಲ್ಲ ಸಿಸ್ಟರ್‌ನ ಹೆಗಲಿಗೆ. ಊಟದ ಮೇಜಿನಲ್ಲಿ ಮಿರ್ದಿಫ್‌ನ ಹೆಂಡತಿ ಕೂಗುತ್ತಿದ್ದಳು, "ಸಿಸ್ಟರ್, ಅತ್ತೆಯ ಇಂಜೆಕ್ಷನ್ ಆಯ್ತಾ?"

ಬಸ್ಸಿನಲ್ಲಿ ಪಕ್ಕ ಕುಳಿತು ಕೇಳಿದೆ, "ಎಂತ ಇದು? ನೀವು ಯಾಕೆ ಮಾಡುವುದು?"

"ಮಾಡುದಿಲ್ಲ ಅಂತ ಹೇಳ್ಬಹುದು ಅಕ್ಕ. ಆದ್ರೆ ಅಜ್ಜಿಯ ಮುಖ ನೋಡಿ ಹೇಗೆ ಹೇಳುದು? ಅವರು ಏನೂ ಕೇಳುದಿಲ್ಲ, ಪಾಪ. ಇರ್ಲಿ, ನಾಳೆ ನನ್ನ ದಿನ." ನಾನು ಬರೆದುಕೊಟ್ಟ ಹಾಳೆ ಅವರ ಪರ್ಸಿನಲ್ಲಿ ಮಡಚಿ ಇಟ್ಟದ್ದು ಕಂಡಿತು.

ಆ ನಾಳೆ ಬಂತು. ಪಟ್ಟಿಯಲ್ಲಿ ಬಿಡುವಿನ ದಿನ ಎಂದಿದ್ದರೂ ಅದರಲ್ಲೂ ಒಂದು ಕೊಕ್ಕೆ ಉಂಟು: ಮಾಲ್‌ಗೆ ಹೋಗುವವರಿಗೆ ಬಸ್ಸು ಫ್ರೀ, ಆದರೆ ಆ ಬಸ್ಸು ಮೊದಲು ಹರಳಿನ ಅಂಗಡಿಗೆ ಹೋಗಬೇಕು. ಬೆಳಗಿನ ತಿಂಡಿಯ ಹೊತ್ತಿಗೆ ಸಿಸ್ಟರ್ ಹೊಸ ಚೂಡಿದಾರ ಹಾಕಿ, ಹೆಗಲಿಗೆ ಚೀಲ ಹಾಕಿ ಇಳಿದು ಬಂದರು. ಅಷ್ಟು ದಿನದಲ್ಲಿ ಅವರು ತುಟಿಗೆ ಬಣ್ಣ ಹಚ್ಚಿದ್ದು ನಾನು ಕಂಡದ್ದು ಅಂದೇ. ಮಿರ್ದಿಫ್‌ನ ಹೆಂಡತಿ ಎದ್ದು ಬಂದು ಇನ್ಸುಲಿನ್ ಚೀಲವನ್ನೂ ಬಿಪಿ ಮೆಷಿನನ್ನೂ ಅವರ ಕೈಗೆ ಕೊಟ್ಟಳು. "ಇವತ್ತು ನಾವು ಬರುವಾಗ ಸಂಜೆ ಆಗ್ತದೆ. ಅತ್ತೆ ರೂಮಲ್ಲೇ ಇರ್ತಾರೆ. ಮಧ್ಯಾಹ್ನಕ್ಕೆ ಮೊಸರನ್ನ ಹೇಳಿದ್ದೇನೆ, ನೀವು ಸ್ವಲ್ಪ ಎದುರಿಗಿದ್ದು ತಿನ್ನಿಸಿ ಆಯ್ತಾ?"

ಸಿಸ್ಟರ್ ಚೀಲ ಹಿಡಿದು ನಿಂತರು. ಮುಖ ಬಿಳುಚಿಹೋಯಿತು. ನನಗೆ ಮೈಯೆಲ್ಲ ಉರಿದುಹೋಯಿತು.

"ಅವರು ಯಾಕೆ ಇರ್ಬೇಕು?" ಎಂದು ನಾನೇ ಕೇಳಿದೆ. "ಅವರೂ ನಿಮ್ಮ ಹಾಗೆ ದುಡ್ಡು ಕೊಟ್ಟು ಬಂದವರು."

ಅವಳು ನನ್ನನ್ನೇ ಮೇಲಿಂದ ಕೆಳಗೆ ನೋಡಿದಳು. "ಎಂತ ಹೇಳ್ತಿದ್ದೀರಿ ನೀವು? ನಿಮ್ಮ ಮ್ಯಾನೇಜರ್ ಫೋನ್ ಮಾಡಿ ಹೇಳಿದ್ದೇ ಹಾಗೆ. ಅತ್ತೆಯ ಕೋಣೆಗೆ ಒಬ್ರು ನರ್ಸನ್ನು ಕೊಡ್ತೇವೆ, ಚಿಂತೆ ಮಾಡ್ಬೇಡಿ ಅಂತ. ಇಲ್ಲದಿದ್ರೆ ನಾವು ಅತ್ತೆಯ ಟಿಕೆಟ್ ಕ್ಯಾನ್ಸಲ್ ಮಾಡ್ತಿರ್ಲಿಲ್ವಾ?"

ಆ ಹೆಂಗಸಿನ ಮೇಲಿದ್ದ ನನ್ನ ಅರ್ಧ ಸಿಟ್ಟು ಅಲ್ಲಿಂದ ನೇರ ಅಬುಧಾಬಿಗೆ ಹೋಯಿತು. ಒಬ್ಬ ಹೆಂಗಸಿನ ರಜೆಯನ್ನು ಅವಳಿಗೇ ಮಾರಿ, ಅದೇ ರಜೆಯನ್ನು ಇನ್ನೊಂದು ಮನೆಯವರಿಗೂ ಮಾರಿದ್ದನಲ್ಲ ಮಹಾರಾಯ! ಲಾಬಿಯಿಂದಲೇ ಮ್ಯಾನೇಜರಿಗೆ ಫೋನ್ ಮಾಡಿದೆ. ಅಲ್ಲಿ ಇನ್ನೂ ಬೆಳಗಾಗಿರಲಿಲ್ಲ. ನಿದ್ದೆಯ ಸ್ವರದಲ್ಲಿ ಅವರು ಹೇಳಿದ್ದು, "ಅಡ್ಜಸ್ಟ್ ಮಾಡಿ ಮಾರಾಯ್ರೆ. ನರ್ಸಿಗೆ ಅದೆಲ್ಲ ಅಭ್ಯಾಸ ಇರ್ತದಲ್ಲ. ಅವರಿಗೆ ಫ್ಯಾಮಿಲಿಯ ಜೊತೆ ಸೇಫ್ಟಿಯೂ ಆಯ್ತು."

ಅಭ್ಯಾಸ! ಹದಿನೈದು ಮಂದಿಯ ವಾರ್ಡನ್ನು ನೋಡಿಕೊಳ್ಳುವವರಿಗೆ ಹದಿನಾರನೆಯವರು ಯಾವ ಲೆಕ್ಕ ಎಂಬ ಹಾಗೆ. ಇದೇ ಮ್ಯಾನೇಜರು ಈದ್ ದಿನ ಒಂದು ಟಿಕೆಟ್ ಕೇಳಿದರೆ, "ನಾನು ರಜೆಯಲ್ಲಿದ್ದೇನೆ," ಎಂದು ಫೋನ್ ಇಡುವವರು. ನಾನು ಫೋನ್ ಇಟ್ಟೆ. ಅಡ್ಜಸ್ಟ್ ಮಾಡಿ ಎಂದರಲ್ಲ, ಸರಿ, ಮಾಡುತ್ತೇನೆ ಎಂದುಕೊಂಡೆ.

ತಿಂಡಿಯ ಹಾಲಿಗೆ ಮರಳಿ, ಸಿಸ್ಟರ್‌ನ ಕೈಯಿಂದ ಇನ್ಸುಲಿನ್ ಚೀಲ ತೆಗೆದುಕೊಂಡೆ. ಅಜ್ಜಿಯ ಮಗನ ಎದುರು, ಅವರ ಆಮ್ಲೆಟ್ಟಿನ ಪಕ್ಕ, ಅದನ್ನು ಇಟ್ಟೆ.

"ಮ್ಯಾನೇಜರು ನಿಮಗೆ ಹೇಳಿದ್ದು ತಪ್ಪು. ಅವರು ಈ ಸಿಸ್ಟರ್‌ನ ಹತ್ತಿರ ಕೇಳಲೇ ಇಲ್ಲ. ಸುಳ್ಳು ಹೇಳಿದ್ದಕ್ಕೆ ಅಬುಧಾಬಿಗೆ ಹೋದ ಮೇಲೆ ಅವರ ಹತ್ತಿರ ಜಗಳ ಮಾಡಿ, ನಾನೂ ನಿಮ್ಮ ಜೊತೆ ನಿಲ್ತೇನೆ. ಇವತ್ತು ನಿಮ್ಮ ತಾಯಿಯನ್ನು ನೀವು ನೋಡ್ಕೊಳ್ಳಿ."

ಅವರು ಗಾಬರಿಯಾದರು. ಕೆಟ್ಟ ಮನುಷ್ಯ ಅಲ್ಲ. "ಅಲ್ಲ, ನನಗೆ ಈ ಸೂಜಿಯೆಲ್ಲ... ರಕ್ತ ನೋಡಿದ್ರೆ ತಲೆ ತಿರುಗ್ತದೆ."

ಆಗ ಅಜ್ಜಿ ಬಾಯಿ ಬಿಟ್ಟರು. ಅಷ್ಟು ದಿನದಲ್ಲಿ ಅವರ ಸ್ವರವನ್ನು ನಾನು ಸರಿಯಾಗಿ ಕೇಳಿರಲಿಲ್ಲ. "ಇಲ್ಲಿ ಕೊಡು ಅದನ್ನ," ಎಂದು ಕೈ ಚಾಚಿ ಚೀಲ ಎಳೆದುಕೊಂಡರು. "ಊರಲ್ಲಿ ನಾನೇ ಚುಚ್ಚಿಕೊಳ್ತಿದ್ದೆ. ಯಾರು ಬರ್ತಿದ್ರು ಅಲ್ಲಿ ಚುಚ್ಚಲಿಕ್ಕೆ?"

"ಅಮ್ಮ! ಮತ್ತೆ ಹೇಳ್ಲಿಲ್ಲ ಯಾಕೆ?"

"ನೀನು ಕೇಳಿದ್ಯಾ? ಯಾರಾದ್ರೂ ಕೇಳಿದ್ರಾ? ಗಾಲಿಕುರ್ಚಿ ತಂದ್ರು, ಕೂರಿಸಿದ್ರು. ನರ್ಸ್ ಅಂದ್ರು, ಸುಮ್ಮನಿದ್ದೆ. ರೂಮಲ್ಲಿ ಇರಿ ಅಂತೀರಿ. ರೂಮಲ್ಲಿ ಇರ್ಲಿಕ್ಕೆ ನಾನು ವಿಮಾನ ಹತ್ತಿ ಬಂದದ್ದಾ? ರೂಮು ಮಿರ್ದಿಫ್‌ನಲ್ಲೂ ಉಂಟಲ್ಲ." ಆಮೇಲೆ ಸಿಸ್ಟರ್ ಕಡೆ ತಿರುಗಿ, "ನೀನು ಹೋಗು ಮಗಾ. ನನ್ನಿಂದಾಗಿ ನಿನ್ಗೆ ಎರಡು ದಿನ ಹೋಯ್ತು," ಎಂದರು.

ಸಿಸ್ಟರ್ ಆದರೂ ಹೊರಡಲಿಲ್ಲ. ಅಜ್ಜಿ ಇನ್ಸುಲಿನ್ ಪೆನ್ನಿನ ತುದಿ ತಿರುಗಿಸಿ ಅಳತೆ ಹಾಕುವುದನ್ನು ನೋಡಿದರು, ಹೊಟ್ಟೆಯ ಪಕ್ಕ ಚುಚ್ಚಿಕೊಳ್ಳುವುದನ್ನೂ ನೋಡಿದರು. ಸರಿಯಾಗಿದೆ ಎಂದು ತಲೆಯಾಡಿಸಿದರು. ಆಮೇಲೆ ನನ್ನ ಕಡೆ ನೋಡಿದರು.

"ಯಲ್ಲಾ, ಹೊರಡಿ," ಎಂದೆ. "ಇನ್ನು ನಿಂತ್ರೆ ನಾನೇ ನಿಮ್ಮನ್ನು ದೂಡ್ತೇನೆ."

ಅವರು ಓಡಿದರು ಎಂದೇ ಹೇಳಬೇಕು. ಗಾಜಿನ ಬಾಗಿಲು ಅವರ ಹಿಂದೆ ಇನ್ನೂ ಮುಚ್ಚಿರಲಿಲ್ಲ, ಅಷ್ಟರಲ್ಲಿ ರಸ್ತೆ ದಾಟಿ ಆಗಿತ್ತು.

ಈಗ ಉಳಿದದ್ದು ನನ್ನ ಬಸ್ಸು. ಸಿಟ್ಟು ಬಂದಾಗ ಎರಡು ಕೆಲಸ ಒಟ್ಟಿಗೆ ಮುಗಿಸಿಬಿಡುವುದು ಒಳ್ಳೆಯದು. ಗುಂಪಿನವರನ್ನು ಕೂಡಿಸಿ, ನಾನು ಎಂದೂ ಕೇಳದ ಪ್ರಶ್ನೆಯನ್ನು ಅಂದು ಕೇಳಿದೆ. "ಹರಳಿನ ಅಂಗಡಿಗೆ ಯಾರಿಗೆ ಹೋಗ್ಬೇಕು? ಮಲಗಿದ ಬುದ್ಧನನ್ನು ನೋಡಿ, ದೋಣಿಯಲ್ಲಿ ನದಿ ದಾಟ್ಲಿಕ್ಕೆ ಯಾರಿಗೆ ಆಸೆ?" ಹರಳಿಗೆ ಒಂದು ಕೈಯೂ ಏಳಲಿಲ್ಲ, ಮಿರ್ದಿಫ್‌ನ ಹೆಂಡತಿಯದ್ದು ಬಿಟ್ಟು. ಅಜ್ಜಿ ದೋಣಿಗೆ ಎರಡೂ ಕೈ ಎತ್ತಿದರು. ಬಸ್ಸಿನ ಥಾಯ್ ಗೈಡ್ ಹುಡುಗಿಗೆ ಹೇಳಿದೆ. ಅವಳು ಏಜೆಂಟಿಗೆ ಫೋನ್ ಮಾಡಿದಳು, ಏಜೆಂಟ್ ನನಗೆ ಮಾಡಿದ. ಅಂಗಡಿಗೆ ಹೋಗದಿದ್ದರೆ ಬಸ್ಸಿನ ಬಾಡಿಗೆ ಯಾರು ಕೊಡುವುದು ಎಂದು ಕಿರುಚಿದ. ನಮ್ಮ ಮ್ಯಾನೇಜರಿಗೆ ಬಿಲ್ ಕಳಿಸು, ಅವರು ಅಡ್ಜಸ್ಟ್ ಮಾಡುತ್ತಾರೆ ಎಂದೆ.

ಅಂದು ಬುದ್ಧನ ಪಾದದ ಹತ್ತಿರ ಅಜ್ಜಿ ಬಹಳ ಹೊತ್ತು ನಿಂತರು. ಅಷ್ಟು ದೊಡ್ಡ ಪಾದ, ಅದರ ತುಂಬ ಮುತ್ತಿನ ಚಿಪ್ಪಿನ ಚಿತ್ತಾರ. ಅಲ್ಲಿಯವರೆಗೆ ಗಾಲಿಕುರ್ಚಿ ತಳ್ಳಿಕೊಂಡು ಬಂದದ್ದು ಮಗ. ಮೊದಲು ಎರಡು ಸಲ ಯಾರದ್ದೋ ಕಾಲಿಗೆ ತಾಗಿಸಿದರು, ಆಮೇಲೆ ಅಭ್ಯಾಸವಾಯಿತು. "ಅಮ್ಮ, ಆರಾಮ ಉಂಟಾ?" ಎಂದು ಅವರು ಕೇಳಿದ್ದು ನನಗೆ ಕೇಳಿಸಿತು.

ಸಂಜೆ ಹೋಟೆಲಿನ ಲಾಬಿಗೆ ಸಿಸ್ಟರ್ ಬಂದಾಗ ಅವರಿಗಿಂತ ಮೊದಲು ಪರಿಮಳ ಬಂತು. ತಲೆಯಲ್ಲಿ ದಪ್ಪ ಮಲ್ಲಿಗೆಯ ಮಾಲೆ. ಬಿಸಿಲಿಗೆ ಮುಖ ಕೆಂಪಾಗಿತ್ತು.

"ಅವರು ಕಟ್ಟುದಿಲ್ಲ ಅಕ್ಕ, ಸೂಜಿಯಲ್ಲಿ ಪೋಣಿಸ್ತಾರೆ. ಒಬ್ಬ ಹೆಂಗಸಿನ ಹತ್ತಿರ ದಾರ ತಗೊಂಡು ನಾನು ನಮ್ಮ ಹಾಗೆ ಕಟ್ಟಿ ತೋರಿಸಿದೆ. ಆಚೆ ಈಚೆಯ ಅಂಗಡಿಯವರೆಲ್ಲ ಬಂದು ನೋಡಿದ್ರು. ಕಟ್ಟಿದ್ದನ್ನು ತೆಗೊಂಡು ಅವಳು ನನ್ನ ತಲೆಗೇ ಮುಡಿಸಿದ್ಲು." ಹೇಳುತ್ತಾ ಹೇಳುತ್ತಾ ಅವರ ಕಣ್ಣು ತುಂಬಿತು. "ನಾನು ಕಟ್ಟಿದ ಹೂ ನನ್ನ ತಲೆಗೆ ಬಂದದ್ದು ಇದೇ ಮೊದಲು ಅಕ್ಕ."

ಅಜ್ಜಿಗೂ ಒಂದು ತುಂಡು ತಂದಿದ್ದರು. ಅದನ್ನು ಕೊಡಲು ಹೋದಾಗ ಮಿರ್ದಿಫ್‌ನ ಹೆಂಡತಿ, "ಅಂತೂ ಬಂದ್ರಲ್ಲ," ಎಂದಳು. ಸಿಸ್ಟರ್ ನಕ್ಕು, "ಬಂದೆ," ಎಂದಷ್ಟೇ ಹೇಳಿದರು. ನಾನಾಗಿದ್ದರೆ ಅಷ್ಟಕ್ಕೆ ಬಿಡುತ್ತಿರಲಿಲ್ಲ.

ಅಬುಧಾಬಿಗೆ ಮರಳಿದ ಮೇಲೆ ಆಫೀಸಿನಲ್ಲಿ ನನಗೂ ಮ್ಯಾನೇಜರಿಗೂ ಆದ ಜಗಳ ಪಕ್ಕದ ಲಾಂಡ್ರಿಯವರಿಗೂ ಕೇಳಿಸಿರಬೇಕು. ಬಸ್ಸಿನ ಬಿಲ್ಲು, ಮಿರ್ದಿಫ್‌ನವರ ದೂರು, ನನ್ನ ಸೊಕ್ಕು, ಎಲ್ಲ ಬಂತು. ನಾನೂ ಬಿಡಲಿಲ್ಲ. ಕೊನೆಗೆ ಅವರು ಸುಸ್ತಾಗಿ ಮುಂದಿನ ರಜೆಯ ಪೋಸ್ಟರನ್ನು ನನ್ನ ಎದುರು ಎಸೆದು, "ಜಗಳ ಸಾಕು, ಇದನ್ನು ಒಮ್ಮೆ ನೋಡಿ ಕೊಡಿ," ಎಂದರು.

ಫ್ಯಾಮಿಲಿ ಪಟ್ಟಿ ಹಾಗೆಯೇ ಇತ್ತು. ಅದೇ ಅಂಗಡಿಗಳು. ಕೆಳಗೆ ಹೊಸದಾಗಿ, ದಪ್ಪ ಅಕ್ಷರದಲ್ಲಿ ಒಂದು ಸಾಲು: ಹಿರಿಯರಿಗೆ ನರ್ಸ್ ಸೌಲಭ್ಯ ಉಂಟು.

"ಯಾವ ನರ್ಸ್?" ಎಂದು ಕೇಳಿದೆ.

"ಸಿಗ್ತಾರೆ. ಒಂಟಿ ಹೆಂಗಸರು ಬುಕ್ ಮಾಡ್ತಾರಲ್ಲ, ಅದರಲ್ಲಿ ಒಬ್ರಾದ್ರೂ ನರ್ಸ್ ಇದ್ದೇ ಇರ್ತಾರೆ."

ಅವರು ತಮಾಷೆ ಮಾಡುತ್ತಿರಲಿಲ್ಲ. ಆ ಸಾಲು ಇರುವವರೆಗೆ ಈ ಆಫೀಸಿನಿಂದ ಒಂದು ಟಿಕೆಟನ್ನೂ ನಾನು ಮಾಡುವುದಿಲ್ಲ ಎಂದು ಹೇಳಿ ಕಂಪ್ಯೂಟರ್ ಆರಿಸಿದೆ. ಟಿಕೆಟ್ ಮಾಡಲು ಬರುವುದು ಅಲ್ಲಿ ನನಗೊಬ್ಬಳಿಗೇ. ಮಧ್ಯಾಹ್ನದವರೆಗೆ ಸುಮ್ಮನೆ ಚಹಾ ಕುಡಿದೆ. ಊಟದ ಹೊತ್ತಿಗೆ ಸಾಲು ಹೋಯಿತು. ಕಂಪ್ಯೂಟರಿನ ಎರಡು ಖಾನೆ ಮಾತ್ರ ಹೋಗಲಿಲ್ಲ. ಅದನ್ನು ಬದಲಿಸಲು ಖರ್ಚಾಗುತ್ತದಂತೆ.

ಮೊನ್ನೆ ಸಿಸ್ಟರ್ ಬಂದಿದ್ದರು. ಮ್ಯಾನೇಜರು ಎದ್ದು ನಿಂತು ಸ್ವಾಗತ ಮಾಡಿದರು. "ಬನ್ನಿ ಬನ್ನಿ ಸಿಸ್ಟರ್! ಈ ಸಲ ಬಹಳ ಒಳ್ಳೆಯ ಫ್ಯಾಮಿಲಿ ಒಂದು ಉಂಟು, ಅಜ್ಮಾನಿನವರು. ಅವರ ತಂದೆಗೆ ಸ್ವಲ್ಪ ಹಾರ್ಟಿನ..."

"ಸರ್," ಎಂದರು ಸಿಸ್ಟರ್, ಸ್ವರ ಏರಿಸದೆ, "ರಜೆಯಲ್ಲಿ ನಾನು ನರ್ಸ್ ಅಲ್ಲ." ಆಮೇಲೆ ಅವರನ್ನು ದಾಟಿ ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕುಳಿತರು. "ಅಕ್ಕ, ಹನೋಯ್‌ನಲ್ಲಿ ಎಂತ ಉಂಟು ನೋಡ್ಲಿಕ್ಕೆ?"

"ನಿಮಗೆ ಎಂತ ನೋಡ್ಬೇಕು?" ಎಂದು ನಾನು ಕೇಳಿದೆ.

ಅವರು ಹೇಳುತ್ತಾ ಹೋದರು, ನಾನು ಬರೆದುಕೊಂಡೆ. ಆಮೇಲೆ ಕಂಪ್ಯೂಟರಿನಲ್ಲಿ ಫ್ಯಾಮಿಲಿ ಎಂಬ ಖಾನೆ ಒತ್ತಿ, ಜನ ಎಷ್ಟು ಎಂಬಲ್ಲಿ ಒಂದು ಎಂದು ಹಾಕಿದೆ. ಫ್ಯಾಮಿಲಿಯಲ್ಲಿ ಒಬ್ಬರೇ ಇರಲು ಸಾಧ್ಯವಿಲ್ಲ, ಆದರೂ ಮುಂದುವರಿಯಬೇಕೇ ಎಂದು ಅದು ಕೆಂಪು ಅಕ್ಷರದಲ್ಲಿ ಕೇಳಿತು. ಮುಂದುವರಿ ಎಂದು ಒತ್ತಿದೆ.